ನಕ್ಷೆ ತಂತ್ರಾಂಶಗಳು: ಬೆಲೆ ಮತ್ತು ಮೌಲ್ಯ
ಪುಣೆ ನಗರದ ಉದಾಹರಣೆಯೊಡನೆ ಒಂದು ಪಾಠ

ಸಹ್ಯಾದ್ರಿಯ ಪೂರ್ವ ಭಾಗದಲ್ಲಿ, ಮುಳಾ ಮತ್ತು ಮುಠಾ ನದಿಗಳ ಸಂಗಮದ ಸುತ್ತ ಬೆಳೆದ ನಗರ ಪುಣೆ. ಈ ನಗರಕ್ಕೆ ನೀರು ವರವೂ ಹೌದು, ಭಯವೂ ಹೌದು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಅದರ ಕೆಳಗಿದ್ದ ಖಡಕ್‌ವಾಸ್ಲಾ ಅಣೆಕಟ್ಟೂ ಆ ರಭಸಕ್ಕೆ ನಿಲ್ಲಲಿಲ್ಲ. ಮುಠಾ ನದಿಯ ದಂಡೆಯಲ್ಲಿದ್ದ ಹಳೆಯ ಪೇಟೆಗಳು ಜಲಾವೃತವಾದವು. ಇದಾದ 58 ವರ್ಷಗಳ ತರುವಾಯ, 2019ರ ಸೆಪ್ಟೆಂಬರ್ 25ರ ರಾತ್ರಿ, ನಗರದ ದಕ್ಷಿಣ ಭಾಗದಲ್ಲಿ ಧಾರಾಕಾರವಾಗಿ ಮಳೆ ಸುರಿಯಿತು. ಕಾತ್ರಜ್ ಕಡೆಯಿಂದ ಹರಿದು ಬಂದು ಮುಠಾ ನದಿಯನ್ನು ಸೇರುವ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ, ಇಕ್ಕೆಲಗಳ ವಸತಿಗಳಿಗೆ ನುಗ್ಗಿತು. ಆ ಮಳೆಯಲ್ಲಿ ನಗರ ಹಾಗೂ ಸುತ್ತಲಿನ ಪ್ರದೇಶಗಳ ಇಪ್ಪತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು.

ಇಂತಹ ಹಳ್ಳದ ದಂಡೆಯ ಬಗ್ಗೆ ಆಡಳಿತವು ಕೇಳಬೇಕಾದ ಪ್ರಶ್ನೆ ಬಹಳ ಸರಳವಾದುದು. ಹಳ್ಳದಿಂದ 30 ಮೀಟರಿನೊಳಗೆ ಎಷ್ಟು ಮನೆಗಳಿವೆ? ಅವುಗಳಲ್ಲಿ ಎಷ್ಟು ಜನರಿದ್ದಾರೆ? ಮಳೆಯ ಮುನ್ಸೂಚನೆ ಬಂದಾಗ ಮೊದಲು ಯಾವ ಬಾಗಿಲನ್ನು ತಟ್ಟಬೇಕು? ಈ ಪ್ರಶ್ನೆಗೆ ಕಾಗದದ ನಕ್ಷೆಯೊಂದರಿಂದಲೇ ಉತ್ತರ ದೊರೆಯದು. ಹೆಸರುಗಳ ಪಟ್ಟಿಯೊಂದರಿಂದಲೂ ದೊರೆಯದು. ನಕ್ಷೆ ಮತ್ತು ಪಟ್ಟಿ ಎರಡೂ ಒಂದಕ್ಕೊಂದು ಹೆಣೆದುಕೊಂಡಾಗ ಮಾತ್ರ ಉತ್ತರ ಸಿಗುತ್ತದೆ. ಈ ಹೆಣಿಗೆಯ ಕೆಲಸವನ್ನು ಸಾಮಾನ್ಯ ಕಚೇರಿಯ ಮೇಜಿನ ಮೇಲಿರುವ ಗಣಕದಲ್ಲಿ ಮಾಡಿಕೊಡುವ ಸಾಧನವೇ ನಕ್ಷೆ ತಂತ್ರಾಂಶ.

ಇಂತಹ ತಂತ್ರಾಂಶಗಳು ಹಲವಾರಿವೆ. ಕೆಲವಕ್ಕೆ ಲಕ್ಷಗಟ್ಟಲೆ ರೂಪಾಯಿ ಕೊಡಬೇಕಾಗುತ್ತದೆ. ಕೆಲವು ಉಚಿತವಾಗಿ ದೊರೆಯುತ್ತವೆ. ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ನಗರಸಭೆಗಳು, ಪಂಚಾಯತಿಗಳು, ಕಾಲೇಜುಗಳು ಮತ್ತು ಸ್ವಯಂಸೇವಾ ಸಂಸ್ಥೆಗಳ ಮುಂದೆ ಪದೇ ಪದೇ ಬರುತ್ತದೆ. ಈ ಆಯ್ಕೆಯನ್ನು ಯಾವ ಆಧಾರದ ಮೇಲೆ ಮಾಡಬೇಕೆಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ.

ಪದರಗಳ ನಕ್ಷೆ

ಗಣಕದ ನಕ್ಷೆಯು ಒಂದೇ ಚಿತ್ರವಲ್ಲ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇರಿಸಿದಂತೆ ಅದರಲ್ಲಿ ಹಲವು ಪದರಗಳಿರುತ್ತವೆ. ಹಳ್ಳಗಳದು ಒಂದು ಪದರ, ರಸ್ತೆಗಳದು ಮತ್ತೊಂದು, ಮನೆಗಳದು ಇನ್ನೊಂದು. ಪ್ರತಿಯೊಂದು ಪದರಕ್ಕೂ ಒಂದು ಕೋಷ್ಟಕ ಅಂಟಿಕೊಂಡಿರುತ್ತದೆ. ನಕ್ಷೆಯಲ್ಲಿ ಒಂದು ಮನೆಯನ್ನು ಮುಟ್ಟಿದರೆ ಕೋಷ್ಟಕದಲ್ಲಿ ಅದರ ಸಾಲು ಕಾಣುತ್ತದೆ: ಕುಟುಂಬದ ಸದಸ್ಯರೆಷ್ಟು, ನಲ್ಲಿ ಇದೆಯೇ, ಶೌಚಾಲಯ ಇದೆಯೇ ಎಂಬ ವಿವರಗಳು. ಅದೇ ರೀತಿ ಕೋಷ್ಟಕದಲ್ಲಿ ‘ಶೌಚಾಲಯವಿಲ್ಲದ ಮನೆಗಳು’ ಎಂದು ಆರಿಸಿದರೆ ಆ ಮನೆಗಳೆಲ್ಲ ನಕ್ಷೆಯಲ್ಲಿ ಬಣ್ಣ ತಳೆಯುತ್ತವೆ.

ಹಳ್ಳದ ಗೆರೆಯ ಇಕ್ಕೆಲಗಳಲ್ಲಿ 30 ಮೀಟರ್ ಅಗಲದ ಪಟ್ಟಿಯನ್ನು ಎಳೆಯಲು ತಂತ್ರಾಂಶಕ್ಕೆ ಆಜ್ಞೆ ಕೊಡಬಹುದು. ಇದನ್ನು ಬಫರ್ ಎಂದು ಕರೆಯುವರು. ಈ ಪಟ್ಟಿಯನ್ನು ಮನೆಗಳ ಪದರದ ಮೇಲೆ ಇರಿಸಿದಾಗ ಪಟ್ಟಿಯೊಳಗೆ ಬೀಳುವ ಮನೆಗಳು ಬೇರ್ಪಡುತ್ತವೆ. ಅವುಗಳ ಸಾಲುಗಳನ್ನು ಕೂಡಿದರೆ ಜನಸಂಖ್ಯೆ ದೊರೆಯುತ್ತದೆ. ಹೆಚ್ಚಿನ ನಗರಾಡಳಿತದ ಪ್ರಶ್ನೆಗಳು ಈ ಮೂರು ಕ್ರಿಯೆಗಳಲ್ಲೇ ಅಡಗಿವೆ: ಆರಿಸುವುದು, ಪಟ್ಟಿ ಎಳೆಯುವುದು, ಪದರಗಳನ್ನು ಒಂದರ ಮೇಲೊಂದು ಇರಿಸುವುದು. ಇಂದು ಬಳಕೆಯಲ್ಲಿರುವ ಎಲ್ಲ ಮುಖ್ಯ ತಂತ್ರಾಂಶಗಳೂ ಈ ಮೂರನ್ನು ಮಾಡಬಲ್ಲವು. ಆದುದರಿಂದ ‘ಯಾವುದು ಹೆಚ್ಚು ಕೆಲಸ ಮಾಡುತ್ತದೆ’ ಎಂಬ ಎಣಿಕೆಯಿಂದ ಮೌಲ್ಯ ನಿರ್ಧಾರವಾಗುವುದಿಲ್ಲ.

ಪುಣೆಯ ಅನುಭವ

ಗಣಕ ಮತ್ತು ನಕ್ಷೆ ಎರಡಕ್ಕೂ ಪುಣೆಯಲ್ಲಿ ಹಳೆಯ ನೆಲೆಯಿದೆ. 1988ರಲ್ಲಿ ಸ್ಥಾಪಿತವಾದ ಪ್ರಗತ ಗಣಕ ವಿಕಾಸ ಕೇಂದ್ರದ, ಅಂದರೆ ಸಿ-ಡ್ಯಾಕ್ ಸಂಸ್ಥೆಯ ಪ್ರಧಾನ ಕಚೇರಿ ಇಲ್ಲಿದೆ. 1991ರಲ್ಲಿ ಪರಮ್ 8000 ಎಂಬ ಮಹಾಗಣಕವನ್ನು ಸಿದ್ಧಪಡಿಸಿದ ಈ ಸಂಸ್ಥೆ, ಭಾರತೀಯ ಭಾಷೆಗಳನ್ನು ಗಣಕಕ್ಕೆ ತಂದ ಜಿಸ್ಟ್ ತಂತ್ರಜ್ಞಾನಕ್ಕೂ ಹೆಸರಾಯಿತು. ಮಹಾರಾಷ್ಟ್ರದ ಅಂತರ್ಜಲ ಸಮೀಕ್ಷೆ ಮತ್ತು ಅಭಿವೃದ್ಧಿ ಸಂಸ್ಥೆಯ ಕೇಂದ್ರ ಕಚೇರಿಯೂ ಪುಣೆಯಲ್ಲಿಯೇ ಇದೆ. ಬಾವಿಗಳ ನೀರಿನ ಮಟ್ಟವನ್ನು ಜಲಾನಯನ ಪ್ರದೇಶಗಳ ನಕ್ಷೆಯೊಡನೆ ಹೊಂದಿಸುವುದು ಅದರ ನಿತ್ಯದ ಕೆಲಸಗಳಲ್ಲೊಂದು.

ಆದರೆ ಈ ಪಾಠಕ್ಕೆ ಹೆಚ್ಚು ಉಪಯುಕ್ತವಾದುದು ಪುಣೆಯ ಕೊಳಚೆ ಪ್ರದೇಶಗಳ ಗಣತಿ. 2000ದಲ್ಲಿ ಪುಣೆ ಮಹಾನಗರಪಾಲಿಕೆಯು ನಗರದ ಕೊಳಚೆ ಪ್ರದೇಶಗಳ ಗಣತಿಯನ್ನು ಕೈಗೊಳ್ಳುವ ಹೊಣೆಯನ್ನು ಶೆಲ್ಟರ್ ಅಸೋಸಿಯೇಟ್ಸ್ ಎಂಬ ಸ್ವಯಂಸೇವಾ ಸಂಸ್ಥೆಗೆ ವಹಿಸಿತು. ವಾಸ್ತುಶಿಲ್ಪಿ ಪ್ರತಿಮಾ ಜೋಶಿಯವರ ನೇತೃತ್ವದ ಈ ಸಂಸ್ಥೆಯೊಡನೆ, ಅದೇ ವಸತಿಗಳ ನಿವಾಸಿಗಳ ಒಕ್ಕೂಟವಾದ ಬಾಂಧಣಿಯೂ ಕೈಜೋಡಿಸಿತು. ನಗರದ ಜನರಲ್ಲಿ ಸುಮಾರು ಐದನೇ ಎರಡು ಭಾಗದಷ್ಟು ಮಂದಿ ಇಂತಹ ವಸತಿಗಳಲ್ಲಿದ್ದಾರೆಂದು ಆ ಕಾಲದಲ್ಲಿ ಅಂದಾಜಿಸಲಾಗಿತ್ತು. ಆದರೂ ನಗರದ ನಕ್ಷೆಗಳಲ್ಲಿ ಇಂತಹ ವಸತಿಗಳ ಒಳಗಿನ ವಿವರ ಕಾಣುವುದು ಅಪರೂಪ. ಓಣಿ, ಮನೆ, ನಲ್ಲಿ, ಚರಂಡಿ ಯಾವುದೂ ಇಲ್ಲದ ಖಾಲಿ ಜಾಗದಂತೆ ಅವು ಉಳಿದುಬಿಡುತ್ತವೆ.

ಈ ಗಣತಿಯಲ್ಲಿ ಪ್ರತಿ ಮನೆಯ ವಿವರವನ್ನು ನಕ್ಷೆಯಲ್ಲಿನ ಅದರ ಸ್ಥಾನದೊಡನೆ ಜೋಡಿಸುವ ಕ್ರಮವನ್ನು ಅನುಸರಿಸಲಾಯಿತು. ಇದರ ಮಹತ್ವವನ್ನು ಸುಲಭವಾಗಿ ಗ್ರಹಿಸಬಹುದು. ನಕ್ಷೆಯಲ್ಲಿ ಇಲ್ಲದ ಮನೆಗೆ ಒಳಚರಂಡಿಯ ಅಂದಾಜುಪಟ್ಟಿ ತಯಾರಾಗುವುದಿಲ್ಲ. ಪುನರ್ವಸತಿಯ ಪಟ್ಟಿಯಲ್ಲಿ ಅದರ ಹೆಸರು ಬಿಟ್ಟುಹೋಗುವ ಸಂಭವ ಹೆಚ್ಚು. ನಕ್ಷೆಯ ಮೇಲೆ ಒಂದು ಚೌಕ ಮೂಡುವುದೆಂದರೆ ಒಂದು ಕುಟುಂಬ ಆಡಳಿತದ ಕಣ್ಣಿಗೆ ಬೀಳುವುದೆಂದೇ ಅರ್ಥ. ಸಂಸ್ಥೆಯು ಮುಂದೆ ಇದೇ ವಿಧಾನವನ್ನು ಕರ್ನಾಟಕದ ಗಡಿಗೆ ಸಮೀಪದ ಸಾಂಗಲಿ-ಮಿರಜ್-ಕುಪವಾಡ ನಗರದಲ್ಲಿಯೂ ಅನುಸರಿಸಿತು.

ಸ್ಪರ್ಧೆಯಲ್ಲಿರುವ ತಂತ್ರಾಂಶಗಳು

ನಕ್ಷೆ ತಂತ್ರಾಂಶಗಳ ಇತಿಹಾಸವನ್ನು ಸ್ಥೂಲವಾಗಿ ಮೂರು ಧಾರೆಗಳಾಗಿ ವಿಂಗಡಿಸಬಹುದು.

ಮೊದಲನೆಯದು ವಾಣಿಜ್ಯ ತಂತ್ರಾಂಶಗಳ ಧಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಆರಂಭವಾದ ಎಸ್ರಿ ಸಂಸ್ಥೆ 1982ರಲ್ಲಿ ಆರ್ಕ್‌ಇನ್ಫೋ ಎಂಬ ಪ್ರಬಲ ತಂತ್ರಾಂಶವನ್ನು ಹೊರತಂದಿತು. ಅದು ದೊಡ್ಡ ಗಣಕಗಳಲ್ಲಿ, ಆಜ್ಞೆಗಳನ್ನು ಬೆರಳಚ್ಚಿಸಿ ನಡೆಸಬೇಕಾದುದಾಗಿತ್ತು. 1990ರ ದಶಕದಲ್ಲಿ ಅದೇ ಸಂಸ್ಥೆಯ ಆರ್ಕ್‌ವ್ಯೂ ಸಾಮಾನ್ಯ ಗಣಕಕ್ಕೆ ಬಂದಿತು. ನ್ಯೂಯಾರ್ಕ್ ರಾಜ್ಯದ ಟ್ರಾಯ್ ನಗರದಲ್ಲಿ 1986ರಲ್ಲಿ ಹುಟ್ಟಿದ ಮ್ಯಾಪ್‌ಇನ್ಫೋ ಮೊದಲಿನಿಂದಲೂ ಮೇಜಿನ ಗಣಕವನ್ನೇ ಗುರಿಯಾಗಿಟ್ಟುಕೊಂಡಿತ್ತು. ಗ್ರಾಹಕರ ವಿಳಾಸ, ಮಾರಾಟದ ಅಂಕಿಅಂಶ ಮುಂತಾದ ಕೋಷ್ಟಕಗಳನ್ನು ನಕ್ಷೆಗೆ ಏರಿಸುವುದರಲ್ಲಿ ಅದು ಸರಳವೆನಿಸಿತು. 1990ರ ದಶಕದಲ್ಲಿ ಮೇಜಿನ ನಕ್ಷೆ ಎಂದರೆ ಈ ಎರಡರ ನಡುವಣ ಆಯ್ಕೆ ಎಂಬಂತಹ ಸ್ಥಿತಿ ಅನೇಕ ಕಚೇರಿಗಳಲ್ಲಿತ್ತು.

ಎರಡನೆಯದು ಸ್ವದೇಶಿ ಧಾರೆ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 1982ರಲ್ಲಿ ನೈಸರ್ಗಿಕ ಸಂಪನ್ಮೂಲ ದತ್ತಾಂಶ ನಿರ್ವಹಣಾ ವ್ಯವಸ್ಥೆ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಜಿಲ್ಲಾ ಮಟ್ಟದ ಯೋಜನೆಗೆ ನೆರವಾಗುವುದು ಅದರ ಗುರಿ. ಈ ಕಾರ್ಯಕ್ರಮದ ಆಶ್ರಯದಲ್ಲಿ ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯು ಗ್ರಾಮ್ ಎಂಬ ತಂತ್ರಾಂಶವನ್ನು, ಮುಂದೆ ಗ್ರಾಮ್++ ಎಂಬ ಅದರ ಸುಧಾರಿತ ರೂಪವನ್ನು ಸಿದ್ಧಪಡಿಸಿತು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಇಸ್ರೋಜಿಐಎಸ್ ಎಂಬುದನ್ನು ರೂಪಿಸಿತು. ಕರ್ನಾಟಕದಲ್ಲಿಯೂ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮೂಲಕ ಜಿಲ್ಲಾ ದತ್ತಾಂಶ ಕೇಂದ್ರಗಳು ಈ ಕಾರ್ಯಕ್ರಮದಡಿ ಸ್ಥಾಪನೆಯಾದವು. ವಿದೇಶಿ ತಂತ್ರಾಂಶದ ಬೆಲೆ ಕೈಗೆಟುಕದಿದ್ದ ಕಾಲದಲ್ಲಿ ಜಿಲ್ಲಾ ಕಚೇರಿಗಳಿಗೆ ನಕ್ಷೆಯ ಪರಿಚಯ ಮಾಡಿಸಿದ ಶ್ರೇಯಸ್ಸು ಈ ಪ್ರಯತ್ನಗಳಿಗೆ ಸಲ್ಲಬೇಕು.

ಮೂರನೆಯದು ಮುಕ್ತ ತಂತ್ರಾಂಶಗಳ ಧಾರೆ. ಅಮೆರಿಕದ ಸೈನ್ಯದ ಸಂಶೋಧನಾಲಯವೊಂದರಲ್ಲಿ 1982ರಿಂದ ಬೆಳೆದ ಗ್ರಾಸ್ ಇದರಲ್ಲಿ ಹಿರಿಯದು. 2002ರಲ್ಲಿ ಗ್ಯಾರಿ ಶೆರ್ಮನ್ ಎಂಬುವರು ಆರಂಭಿಸಿದ ಕ್ಯೂಜಿಐಎಸ್ 2009ರ ಜನವರಿಯಲ್ಲಿ ತನ್ನ 1.0 ಆವೃತ್ತಿಯನ್ನು ತಲುಪಿತು. ಇಂದು ಅದನ್ನು ಲೋಕದಾದ್ಯಂತ ಸ್ವಯಂಸೇವಕರೂ ಸಂಸ್ಥೆಗಳೂ ಕೂಡಿ ಬೆಳೆಸುತ್ತಿದ್ದಾರೆ. ಇಂತಹ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು, ಹಂಚಬಹುದು, ತಿದ್ದಬಹುದು.

ಮೌಲ್ಯವನ್ನು ಅಳೆಯುವ ಒರೆಗಲ್ಲುಗಳು

ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡುವಂತೆ ತಂತ್ರಾಂಶವನ್ನೂ ಕೆಲವು ಒರೆಗಲ್ಲುಗಳಿಗೆ ತಿಕ್ಕಿ ನೋಡಬೇಕು. ಆಂಬಿಲ್ ಓಢಾದಂತಹ ಹಳ್ಳದ ದಂಡೆಯ ಮನೆಗಳನ್ನು ಎಣಿಸುವ ಕೆಲಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಐದು ಒರೆಗಲ್ಲುಗಳನ್ನು ಇಲ್ಲಿ ವಿವರಿಸಲಾಗಿದೆ.

1. ಸ್ಥಾನದ ನಿಖರತೆ

ಭಾರತೀಯ ಸರ್ವೇಕ್ಷಣ ಇಲಾಖೆಯು 1767ರಲ್ಲಿ ಸ್ಥಾಪಿತವಾದುದು. ಅದರ 1:50,000 ಪ್ರಮಾಣದ ಸ್ಥಳವರ್ಣನಾ ನಕ್ಷೆಗಳೇ ದೇಶದ ಬಹುಪಾಲು ನಕ್ಷೆಗಳಿಗೆ ತಳಹದಿ. ಹಳೆಯ ಕ್ರಮಸಂಖ್ಯೆಯಂತೆ ಶನಿವಾರವಾಡೆಯಿರುವ ಪುಣೆಯ ನಡುಭಾಗ 47ಎಫ್/14ನೇ ಹಾಳೆಯಲ್ಲಿ ಬರುತ್ತದೆ. ದಕ್ಷಿಣದ ಕಾತ್ರಜ್ 47ಎಫ್/15ನೇ ಹಾಳೆಯಲ್ಲಿ ಬರುತ್ತದೆ. ಇವೆರಡರ ನಡುವೆ 18 ಡಿಗ್ರಿ 30 ಮಿನಿಟು ಉತ್ತರ ಅಕ್ಷಾಂಶದ ಗೆರೆ ಹಾದುಹೋಗುತ್ತದೆ. ನಗರದ ಹಳ್ಳಗಳನ್ನು ಅಧ್ಯಯನ ಮಾಡುವವರು ಮೊದಲು ಈ ಎರಡು ಹಾಳೆಗಳನ್ನು ಅಂಚಿಗೆ ಅಂಚು ಸರಿಯಾಗಿ ಜೋಡಿಸಬೇಕು.

ಇಲ್ಲೊಂದು ತೊಡಕಿದೆ. ಹಳೆಯ ಹಾಳೆಗಳು ಭೂಮಿಯ ಆಕಾರದ ಬಗ್ಗೆ ಎವರೆಸ್ಟ್ ಎಂಬ ಗಣಿತೀಯ ಮಾದರಿಯನ್ನು ಆಧರಿಸಿವೆ. ಉಪಗ್ರಹದ ನೆರವಿನಿಂದ ಸ್ಥಾನ ತಿಳಿಸುವ ಜಿಪಿಎಸ್ ಉಪಕರಣಗಳು ಡಬ್ಲ್ಯುಜಿಎಸ್ 84 ಎಂಬ ಬೇರೊಂದು ಮಾದರಿಯನ್ನು ಬಳಸುತ್ತವೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ತರುವಾಯ ಸಾರ್ವಜನಿಕರಿಗಾಗಿ ಹೊರಬಂದ ಹಾಳೆಗಳೂ ಈ ಎರಡನೆಯ ಮಾದರಿಯವೇ. ಪುಣೆಯ ಪರಿಸರದಲ್ಲಿ ಈ ಎರಡು ಮಾದರಿಗಳ ಅಕ್ಷಾಂಶ-ರೇಖಾಂಶಗಳನ್ನು ಹೊಂದಿಸದೆ ಬೆರೆಸಿದರೆ ನೂರು ಮೀಟರಿಗೂ ಹೆಚ್ಚಿನ ವ್ಯತ್ಯಾಸ ಬರುತ್ತದೆ. ಹಳ್ಳವನ್ನು ಹಳೆಯ ಹಾಳೆಯಿಂದಲೂ ಮನೆಗಳನ್ನು ಜಿಪಿಎಸ್‌ನಿಂದಲೂ ಪಡೆದು ನೇರವಾಗಿ ಕೂಡಿಸಿದರೆ, 30 ಮೀಟರಿನ ಪಟ್ಟಿಯೇ ಇದ್ದಲ್ಲಿಂದ ಸರಿದುಹೋಗುತ್ತದೆ. ದಂಡೆಯ ಮನೆಗಳು ಪಟ್ಟಿಯ ಹೊರಗುಳಿದು, ಎತ್ತರದ ರಸ್ತೆಯ ಮನೆಗಳು ಒಳಗೆ ಸೇರಬಹುದು. ತಂತ್ರಾಂಶ ದೋಷವನ್ನು ತಾನಾಗಿ ತೋರಿಸುವುದಿಲ್ಲ. ತಪ್ಪು ಉತ್ತರವನ್ನೂ ಅಂದವಾದ ಬಣ್ಣದಲ್ಲಿಯೇ ಅಚ್ಚು ಮಾಡಿಕೊಡುತ್ತದೆ.

ಅಳತೆಯ ಮಾನವೂ ಗಮನಾರ್ಹ. ದತ್ತಾಂಶ ಡಿಗ್ರಿಗಳಲ್ಲಿದ್ದರೆ ಮೀಟರಿನ ಅಳತೆ ನೇರವಾಗಿ ದೊರೆಯದು. ಪುಣೆಯ ಅಕ್ಷಾಂಶದಲ್ಲಿ ಒಂದು ಡಿಗ್ರಿ ಅಕ್ಷಾಂಶದ ಅಂತರ ಸುಮಾರು 110 ಕಿಲೋಮೀಟರ್. ಒಂದು ಡಿಗ್ರಿ ರೇಖಾಂಶದ ಅಂತರ ಸುಮಾರು 105 ಕಿಲೋಮೀಟರ್. ಆದುದರಿಂದ ನಕ್ಷೆಯನ್ನು ಮೊದಲು ಮೀಟರಿನ ಜಾಲಕ್ಕೆ ಪರಿವರ್ತಿಸಬೇಕು. ಯುಟಿಎಂ ಎಂಬ ಜಾಲದಲ್ಲಿ ಪುಣೆ, ಬೆಳಗಾವಿ, ಬೆಂಗಳೂರು ಮೂರೂ 43ನೇ ವಲಯದಲ್ಲಿವೆ. 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಕೋಲಾರ ಪಟ್ಟಣ 44ನೇ ವಲಯಕ್ಕೆ ಸೇರುತ್ತದೆ. ಬೇರೆ ಬೇರೆ ಮಾದರಿಯ ಪದರಗಳನ್ನು ಗುರುತಿಸಿ, ತೆರೆಯ ಮೇಲೆ ತಾನೇ ಹೊಂದಿಸುವ ಸೌಕರ್ಯ ಆರ್ಕ್‌ವ್ಯೂ ಮುಂತಾದ ಹಳೆಯ ತಂತ್ರಾಂಶಗಳಲ್ಲಿ ಸೀಮಿತವಾಗಿತ್ತು. ಇಂದಿನ ಆರ್ಕ್‌ಜಿಐಎಸ್ ಪ್ರೊ, ಮ್ಯಾಪ್‌ಇನ್ಫೋ ಪ್ರೊ ಮತ್ತು ಕ್ಯೂಜಿಐಎಸ್ ಮೂರರಲ್ಲಿಯೂ ಅದಿದೆ. ಆದರೆ ಪದರವು ಯಾವ ಮಾದರಿಯದೆಂದು ಬಳಸುವವರು ಸರಿಯಾಗಿ ತಿಳಿಸಿದ್ದರೆ ಮಾತ್ರ ಅದು ಫಲಿಸುತ್ತದೆ.

1:50,000 ಪ್ರಮಾಣದ ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್ ಎಂಬುದನ್ನೂ ಮರೆಯಬಾರದು. ತೆರೆಯ ಮೇಲೆ ಎಷ್ಟು ಹಿಗ್ಗಿಸಿದರೂ ಹಾಳೆಯಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ. ಮನೆಗಳ ಎಣಿಕೆಗೆ ನೆಲದ ಮೇಲೆ ಹೊಸದಾಗಿ ಅಳತೆ ಮಾಡಲೇಬೇಕು. ದುಬಾರಿ ತಂತ್ರಾಂಶವು ಈ ಶ್ರಮಕ್ಕೆ ಬದಲಿಯಾಗಲಾರದು.

2. ರೇಖೆಗಳ ಶಿಸ್ತು

ಒತ್ತೊತ್ತಾಗಿರುವ ವಸತಿಯಲ್ಲಿ ಎರಡು ಮನೆಗಳಿಗೆ ಒಂದೇ ಗೋಡೆ ಇರುವುದು ಸಾಮಾನ್ಯ. ಆರ್ಕ್‌ಇನ್ಫೋ ಕ್ರಮದಲ್ಲಿ ಇಂತಹ ಗೋಡೆಯನ್ನು ಒಂದೇ ಗೆರೆಯಾಗಿ ಇಡಲಾಗುತ್ತಿತ್ತು. ಆರ್ಕ್‌ವ್ಯೂ ಜೊತೆಯಲ್ಲಿ ಪ್ರಸಿದ್ಧವಾದ ಶೇಪ್‌ಫೈಲ್ ಎಂಬ ಕಡತದಲ್ಲಿ ಅದೇ ಗೋಡೆ ಎರಡು ಸಾರಿ, ಪ್ರತಿ ಮನೆಗೊಂದರಂತೆ ದಾಖಲಾಗುತ್ತದೆ. ಎಳೆಯುವವರ ಕೈ ಸ್ವಲ್ಪ ಅಲುಗಿದರೂ ಎರಡು ಮನೆಗಳ ನಡುವೆ ಇಲ್ಲದ ಸಂದು ಮೂಡುತ್ತದೆ ಅಥವಾ ಒಂದು ಮನೆ ಇನ್ನೊಂದರ ಮೇಲೆ ಏರುತ್ತದೆ. ನಕ್ಷೆ ಹಕ್ಕುಪತ್ರಕ್ಕೆ ಆಧಾರವಾಗುವ ಸಂದರ್ಭದಲ್ಲಿ ಈ ಸಂದೇ ನೆರೆಹೊರೆಯವರ ವ್ಯಾಜ್ಯಕ್ಕೆ ಬೀಜವಾದೀತು. ಆದುದರಿಂದ ಇಂತಹ ದೋಷಗಳನ್ನು ಹುಡುಕಿ ತೋರಿಸುವ ಪರೀಕ್ಷಾ ಸಾಧನ ಇದೆಯೇ, ಅದಕ್ಕೆ ಬೇರೆ ಹಣ ಕೊಡಬೇಕೇ ಎಂಬುದನ್ನು ಕೇಳಿ ತಿಳಿಯಬೇಕು. ಕ್ಯೂಜಿಐಎಸ್‌ನಲ್ಲಿ ಈ ಸಾಧನ ಜೊತೆಯಲ್ಲಿಯೇ ಬರುತ್ತದೆ. ವಾಣಿಜ್ಯ ತಂತ್ರಾಂಶಗಳಲ್ಲಿ ಕೆಲವು ಸಾಧನಗಳು ಮೇಲಿನ ದರ್ಜೆಯ ಪರವಾನಗಿಯಲ್ಲಿ ಮಾತ್ರ ಲಭ್ಯವಿರುತ್ತವೆ.

3. ಭಾಷೆ

ನಕ್ಷೆಯನ್ನು ಪರಿಶೀಲಿಸಬೇಕಾದವರು ಅದೇ ಓಣಿಯ ನಿವಾಸಿಗಳು. ಅವರಿಗೆ ಓದಲು ಬಾರದ ಲಿಪಿಯಲ್ಲಿ ಹೆಸರುಗಳಿದ್ದರೆ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಪುಣೆಯಲ್ಲಿ ಮರಾಠಿ, ಬೆಳಗಾವಿಯಲ್ಲಿ ಕನ್ನಡ ಮತ್ತು ಮರಾಠಿ, ಕಾಸರಗೋಡಿನಲ್ಲಿ ಕನ್ನಡ ಮತ್ತು ಮಲಯಾಳ ನಕ್ಷೆಯ ಮೇಲೆ ಸರಿಯಾಗಿ ಮೂಡಬೇಕು.

ಭಾರತೀಯ ಲಿಪಿಗಳ ಸಂಕೇತಗಳಿಗೆ 1991ರಲ್ಲಿ ಇಸ್ಕಿ ಎಂಬ ರಾಷ್ಟ್ರೀಯ ಮಾನಕ ಬಂದಿತು. ಮುಂದೆ ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಸಂಕೇತ ಕ್ರಮ ಎಲ್ಲೆಡೆ ನೆಲೆಗೊಂಡಿತು. ನಡುವಣ ಕಾಲದಲ್ಲಿ ಆಯಾ ಅಕ್ಷರವಿನ್ಯಾಸಕ್ಕೆ ಮಾತ್ರ ಅಂಟಿಕೊಂಡ ಸಂಕೇತಗಳಲ್ಲಿ ಸಿದ್ಧಪಡಿಸಿದ ಕೋಷ್ಟಕಗಳು, ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವುಗಳನ್ನು ಪರಿವರ್ತಿಸದೆ ಬಳಸಲಾಗದು.

ಯೂನಿಕೋಡ್ ಇದ್ದರೂ ಕಡತದ ಮಿತಿ ಅಡ್ಡಬರಬಹುದು. ಶೇಪ್‌ಫೈಲ್‌ನ ಕೋಷ್ಟಕದಲ್ಲಿ ಅಂಕಣದ ಶೀರ್ಷಿಕೆಗೆ 10 ಬೈಟ್‌ಗಳ ಸ್ಥಳವಷ್ಟೇ ಇದೆ. ಪ್ರಚಲಿತ ಯೂನಿಕೋಡ್ ಕ್ರಮವಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಗುಣಿತಾಕ್ಷರದ ಚಿಹ್ನೆಯೂ ಬೇರೊಂದು ಸಂಕೇತವೇ. ‘ಮನೆ’ ಎಂಬ ಶೀರ್ಷಿಕೆಗೆ 9 ಬೈಟ್ ಸಾಕು, ಅದು ಹಿಡಿಸುತ್ತದೆ. ‘ನೀರು’ ಎಂಬುದಕ್ಕೆ 12 ಬೈಟ್ ಬೇಕು, ಅದು ಹಿಡಿಸುವುದಿಲ್ಲ. ಎರಡಕ್ಷರದ ನೀರಿಗೂ ಸ್ಥಳವಿಲ್ಲದ ಕಡತದಲ್ಲಿ ಕನ್ನಡದ ದತ್ತಾಂಶವನ್ನು ಸ್ಥಾಯಿಯಾಗಿ ಇಡುವುದು ಸೂಕ್ತವಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದ ಜಿಯೋಪ್ಯಾಕೇಜ್ ಎಂಬ ಕಡತಕ್ಕೆ ಈ ಮಿತಿಯಿಲ್ಲ. 2018ರಲ್ಲಿ ಬಂದ 3.0 ಆವೃತ್ತಿಯಿಂದ ಕ್ಯೂಜಿಐಎಸ್ ಇದನ್ನೇ ಮೊದಲ ಆಯ್ಕೆಯಾಗಿ ಇರಿಸಿದೆ. ಆರ್ಕ್‌ಜಿಐಎಸ್ ಪ್ರೊ ಸಹ ಇದನ್ನು ಓದಬಲ್ಲದು.

4. ದತ್ತಾಂಶದ ಆಯುಷ್ಯ

ನಗರದ ನಕ್ಷೆ ಒಂದು ವರ್ಷದ ಕೆಲಸವಲ್ಲ. 2000ದಲ್ಲಿ ಅಳೆದ ಮನೆಯನ್ನು ಇಂದಿನ ಮನೆಯೊಡನೆ ಹೋಲಿಸಿದಾಗಲೇ ವಸತಿಯ ಬೆಳವಣಿಗೆ ತಿಳಿಯುತ್ತದೆ. ಆದರೆ ತಂತ್ರಾಂಶಗಳ ಆಯುಷ್ಯ ನಕ್ಷೆಗಳ ಆಯುಷ್ಯಕ್ಕಿಂತ ಕಡಿಮೆ. ಆರ್ಕ್‌ವ್ಯೂ 3ರಲ್ಲಿ ಅವೆನ್ಯೂ ಎಂಬ ಭಾಷೆಯಲ್ಲಿ ಬರೆದ ಸಹಾಯಕ ಕಾರ್ಯಕ್ರಮಗಳು ಮುಂದೆ ಬಂದ ಆರ್ಕ್‌ಜಿಐಎಸ್‌ನಲ್ಲಿ ನಡೆಯಲಿಲ್ಲ; ಅವುಗಳನ್ನು ಹೊಸದಾಗಿ ಬರೆಯಬೇಕಾಯಿತು. ಆರ್ಕ್‌ಜಿಐಎಸ್‌ನ ಅಂಗವಾಗಿದ್ದ ಆರ್ಕ್‌ಮ್ಯಾಪ್‌ಗೆ ತನ್ನ ಬೆಂಬಲ 2026ರ ಮಾರ್ಚ್ 1ಕ್ಕೆ ಮುಕ್ತಾಯವಾಗುವುದೆಂದು ಎಸ್ರಿ ಮುಂಚಿತವಾಗಿಯೇ ಪ್ರಕಟಿಸಿತ್ತು. ಆರ್ಕ್‌ಮ್ಯಾಪ್ ಕಾಲದ ‘ಪರ್ಸನಲ್ ಜಿಯೋಡೇಟಾಬೇಸ್’ ಎಂಬ ಕಡತವನ್ನು ಅದರ ಉತ್ತರಾಧಿಕಾರಿಯಾದ ಆರ್ಕ್‌ಜಿಐಎಸ್ ಪ್ರೊ ತೆರೆಯುವುದಿಲ್ಲ. ಮ್ಯಾಪ್‌ಇನ್ಫೋ ಸಂಸ್ಥೆಯನ್ನು 2007ರಲ್ಲಿ ಪಿಟ್ನಿ ಬೋವ್ಸ್ ಕೊಂಡಿತು. ಆ ತಂತ್ರಾಂಶ ಈಗ ಪ್ರಿಸೈಸ್ಲಿ ಎಂಬ ಮತ್ತೊಂದು ಸಂಸ್ಥೆಯ ಸ್ವತ್ತು.

ಇದರಲ್ಲಿ ಯಾವ ಸಂಸ್ಥೆಯ ತಪ್ಪೂ ಇಲ್ಲ. ವ್ಯಾಪಾರ ಹಾಗೂ ತಂತ್ರಜ್ಞಾನಗಳ ಸಹಜ ಗತಿಯೇ ಅಂತಹುದು. ಮುಕ್ತ ತಂತ್ರಾಂಶವೂ ಬದಲಾಗುತ್ತದೆ. ಕ್ಯೂಜಿಐಎಸ್‌ನ 2ನೇ ಸರಣಿಗೆ ಬರೆದ ಅನೇಕ ಸಹಾಯಕ ಕಾರ್ಯಕ್ರಮಗಳನ್ನು 3ನೇ ಸರಣಿಗಾಗಿ ತಿದ್ದಬೇಕಾಯಿತು. ಆದರೆ ಹಳೆಯ ಆವೃತ್ತಿಯನ್ನು ಇಟ್ಟುಕೊಳ್ಳಲು ಯಾರ ಅನುಮತಿಯೂ ಬೇಡ ಎಂಬುದೊಂದು ವ್ಯತ್ಯಾಸ. ಕೇಂದ್ರ ಸರ್ಕಾರವು 2010ರಲ್ಲಿ ಇ-ಆಡಳಿತಕ್ಕಾಗಿ ಮುಕ್ತ ಮಾನಕಗಳ ನೀತಿಯನ್ನೂ, 2015ರಲ್ಲಿ ಮುಕ್ತ ತಂತ್ರಾಂಶಗಳ ಅಳವಡಿಕೆಯ ನೀತಿಯನ್ನೂ ಪ್ರಕಟಿಸಿದುದರ ಹಿನ್ನೆಲೆಯಲ್ಲಿ ಇಂತಹ ಕಾಳಜಿಯೇ ಇದೆ. ಸಾರ್ವಜನಿಕರ ಹಣದಿಂದ ಸಿದ್ಧವಾದ ದತ್ತಾಂಶವು ಯಾವುದೇ ಒಂದು ಮಾರಾಟಗಾರರ ಬೀಗದ ಕೈಗೆ ಸಿಲುಕಬಾರದು.

5. ಒಟ್ಟು ವೆಚ್ಚ

ತಂತ್ರಾಂಶದ ಬೆಲೆಯೇ ಅದರ ವೆಚ್ಚವಲ್ಲ. ಗಣಕ, ವಾರ್ಷಿಕ ನಿರ್ವಹಣೆ, ತರಬೇತಿ, ಕ್ಷೇತ್ರದ ಅಳತೆ, ಹಳೆಯ ನಕ್ಷೆಗಳನ್ನು ಗಣಕಕ್ಕೆ ಏರಿಸುವ ಶ್ರಮ ಇವೆಲ್ಲವನ್ನೂ ಕೂಡಬೇಕು. ಇವುಗಳಲ್ಲಿ ದತ್ತಾಂಶ ಸಂಗ್ರಹದ ವೆಚ್ಚವೇ ಸಾಮಾನ್ಯವಾಗಿ ದೊಡ್ಡದು. ಒಮ್ಮೆ ಕೊಂಡು ಶಾಶ್ವತವಾಗಿ ಬಳಸುವ ಪರವಾನಗಿಯ ಬದಲು ವರ್ಷಕ್ಕೊಮ್ಮೆ ಹಣ ತೆರುವ ಚಂದಾ ಪದ್ಧತಿಯೂ ವ್ಯಾಪಕವಾಗುತ್ತಿದೆ. ಒಂದು ವರ್ಷದ ಅನುದಾನದಲ್ಲಿ ತಂತ್ರಾಂಶ ಪಡೆದ ಕಚೇರಿಗೆ ಮರುವರ್ಷ ಅನುದಾನ ಬಾರದಿದ್ದರೆ ಕೆಲಸ ನಿಲ್ಲುವ ಸಂಭವವಿದೆ.

ಉಚಿತ ತಂತ್ರಾಂಶಕ್ಕೂ ವೆಚ್ಚವಿದೆ. ಅದನ್ನು ಕಲಿಸುವವರಿಗೆ ಸಂಭಾವನೆ ಕೊಡಬೇಕು. ತೊಂದರೆಯಾದಾಗ ದೂರವಾಣಿಯಲ್ಲಿ ಉತ್ತರಿಸುವ ಮಾರಾಟಗಾರರು ಇರುವುದಿಲ್ಲ. ಪರವಾನಗಿಗೆ ತೆಗೆದಿಟ್ಟ ಹಣವನ್ನೆಲ್ಲ ಉಳಿತಾಯವೆಂದು ಬಗೆದು ತರಬೇತಿಗೂ ಹಣ ಕೊಡದ ಕಚೇರಿಯಲ್ಲಿ ಉಚಿತ ತಂತ್ರಾಂಶ ಗಣಕದಲ್ಲಿ ಸುಮ್ಮನೆ ಕುಳಿತಿರುತ್ತದೆ. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಕ್ಯೂಜಿಐಎಸ್ ಕುರಿತ ಪಾಠಗಳನ್ನು ಉಚಿತವಾಗಿ ಒದಗಿಸುತ್ತಿರುವುದು ಈ ದಿಸೆಯಲ್ಲಿ ಉಪಯುಕ್ತ.

ಯಾರಿಗೆ ಯಾವುದು ಸೂಕ್ತ?

ಮೇಲಿನ ಒರೆಗಲ್ಲುಗಳಿಂದ ಕೆಲವು ನಿರ್ಣಯಗಳನ್ನು ತಲುಪಬಹುದು. ನೂರಾರು ನೌಕರರು ಒಂದೇ ದತ್ತಾಂಶ ಭಂಡಾರವನ್ನು ಏಕಕಾಲಕ್ಕೆ ಬಳಸುವ, ಲಿಖಿತ ಒಪ್ಪಂದದ ಸೇವೆ ಅಗತ್ಯವಿರುವ ದೊಡ್ಡ ಸಂಸ್ಥೆಗಳಿಗೆ ಆರ್ಕ್‌ಜಿಐಎಸ್‌ನಂತಹ ಸಮಗ್ರ ವ್ಯವಸ್ಥೆ ತನ್ನ ಬೆಲೆಗೆ ತಕ್ಕ ಫಲ ಕೊಡಬಲ್ಲದು. ವಿಳಾಸ, ವಿತರಣೆ, ಮಾರಾಟದ ವಲಯ ಮುಂತಾದ ಕೋಷ್ಟಕ ಪ್ರಧಾನ ಕೆಲಸಗಳಿಗೆ ಮ್ಯಾಪ್‌ಇನ್ಫೋ ಪ್ರೊ ಇಂದಿಗೂ ಅನುಕೂಲಕರ. ಆ ಕಡತಗಳಲ್ಲಿ ಹಳೆಯ ದತ್ತಾಂಶ ಇರುವ ಕಚೇರಿಗಳಿಗಂತೂ ಅದು ಸಹಜ ಆಯ್ಕೆ. ವಾರ್ಡು ಕಚೇರಿ, ಗ್ರಾಮ ಪಂಚಾಯತಿ, ಕಾಲೇಜು, ಸ್ವಯಂಸೇವಾ ಸಂಸ್ಥೆ ಇವುಗಳಿಗೆ ಹೆಚ್ಚು ಗಣಕಗಳಲ್ಲಿ ಕಡಿಮೆ ವೆಚ್ಚದಲ್ಲಿ ಕೆಲಸವಾಗಬೇಕು. ನೌಕರರು ವರ್ಗವಾದರೂ ಕೆಲಸ ಮುಂದುವರಿಯಬೇಕು. ಇಲ್ಲಿ ಕ್ಯೂಜಿಐಎಸ್‌ಗೆ ಸಾಟಿಯಾಗುವುದು ಕಷ್ಟ. ಗ್ರಾಸ್‌ನ ವಿಶ್ಲೇಷಣಾ ಸಾಧನಗಳನ್ನೂ ಅದರೊಳಗಿನಿಂದಲೇ ಬಳಸಬಹುದಾಗಿದೆ.

ಎರಡು ಬಗೆಯ ತಂತ್ರಾಂಶಗಳನ್ನು ಜೊತೆಯಾಗಿ ಬಳಸುವುದೂ ಸಾಧ್ಯ. ಕೇಂದ್ರ ಕಚೇರಿಯಲ್ಲಿ ವಾಣಿಜ್ಯ ತಂತ್ರಾಂಶದ ಒಂದೆರಡು ಪರವಾನಗಿಗಳನ್ನು ಇಟ್ಟುಕೊಂಡು, ವಾರ್ಡುಗಳಲ್ಲಿ ಮುಕ್ತ ತಂತ್ರಾಂಶವನ್ನು ಬಳಸಿ, ದತ್ತಾಂಶವನ್ನು ಮಾತ್ರ ಎರಡಕ್ಕೂ ಅರ್ಥವಾಗುವ ಮುಕ್ತ ಮಾನಕದಲ್ಲಿ ಕಾಪಾಡಬಹುದು.

ಆಯ್ಕೆಗೆ ಮುನ್ನ ಒಂದು ಪರೀಕ್ಷೆ

ಯಾವುದೇ ತಂತ್ರಾಂಶವನ್ನು ಕೊಳ್ಳುವ ಮುನ್ನ ಈ ಕೆಳಗಿನ ಪರೀಕ್ಷೆಯನ್ನು ನಡೆಸುವುದು ಒಳ್ಳೆಯದು.

ಮೊದಲನೆಯದಾಗಿ, ಕಚೇರಿಯ ನಿಜವಾದ ಪ್ರಶ್ನೆಯೊಂದನ್ನು ಆರಿಸಬೇಕು. ಮಾರಾಟಗಾರರು ತರುವ ಸಿದ್ಧ ಮಾದರಿ ನಕ್ಷೆಯನ್ನು ಒಪ್ಪಬಾರದು. ತಮ್ಮದೇ ವಾರ್ಡಿನ ಹಳ್ಳ, ತಮ್ಮದೇ ಮನೆಗಳ ಪಟ್ಟಿ ಇರಬೇಕು.

ಎರಡನೆಯದಾಗಿ, ಮುಂದೆ ಆ ಕೆಲಸವನ್ನು ಮಾಡಬೇಕಾದ ನೌಕರರೇ ಪರೀಕ್ಷೆ ನಡೆಸಬೇಕು. ಪರಿಣತರ ಕೈಯಲ್ಲಿ ಎಲ್ಲ ತಂತ್ರಾಂಶಗಳೂ ಸುಲಭವಾಗಿ ಕಾಣುತ್ತವೆ.

ಮೂರನೆಯದಾಗಿ, ದೊರೆತ ಉತ್ತರವನ್ನು ಕಾಲ್ನಡಿಗೆಯಲ್ಲಿ ಹೋಗಿ ಪರಿಶೀಲಿಸಬೇಕು. ಪಟ್ಟಿಯ ಅಂಚಿನಲ್ಲಿ ಬಿದ್ದ ಹತ್ತು ಮನೆಗಳನ್ನು ಆರಿಸಿ, ಹಳ್ಳದಿಂದ ಅವುಗಳ ದೂರವನ್ನು ಟೇಪು ಹಿಡಿದು ಅಳೆಯಬೇಕು.

ನಾಲ್ಕನೆಯದಾಗಿ, ಸ್ಥಳೀಯ ಭಾಷೆಯ ಹೆಸರುಗಳೊಡನೆ ನಕ್ಷೆಯನ್ನು ಅಚ್ಚು ಹಾಕಿ ನಿವಾಸಿಗಳಿಗೆ ತೋರಿಸಬೇಕು. ತಮ್ಮ ಮನೆಯನ್ನು ಅವರು ತಾವೇ ಗುರುತಿಸಬಲ್ಲರೇ ಎಂಬುದು ಇಲ್ಲಿನ ಪ್ರಶ್ನೆ.

ಐದನೆಯದಾಗಿ, ಸಿದ್ಧವಾದ ದತ್ತಾಂಶವನ್ನು ಹೊರತೆಗೆದು ಸ್ಪರ್ಧೆಯಲ್ಲಿರುವ ಇನ್ನೊಂದು ತಂತ್ರಾಂಶದಲ್ಲಿ ತೆರೆಯಬೇಕು. ಅಕ್ಷರಗಳೂ ಗೆರೆಗಳೂ ಅಂಕಿಗಳೂ ಕೆಡದೆ ಬಂದರೆ ದತ್ತಾಂಶ ಕಚೇರಿಯ ಸ್ವಾಧೀನದಲ್ಲಿದೆ ಎಂದು ತಿಳಿಯಬಹುದು.

ಉಪಸಂಹಾರ

2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ಮಾರ್ಗಸೂಚಿಗಳು, ನಕ್ಷೆಯ ದತ್ತಾಂಶವನ್ನು ಸಂಗ್ರಹಿಸಲು ಮತ್ತು ಸಿದ್ಧಪಡಿಸಲು ಭಾರತೀಯ ಸಂಸ್ಥೆಗಳಿಗಿದ್ದ ಪೂರ್ವಾನುಮತಿಯ ನಿರ್ಬಂಧಗಳನ್ನು ಬಹುಮಟ್ಟಿಗೆ ತೆಗೆದುಹಾಕಿದವು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯೂ ಪ್ರಕಟವಾಯಿತು. ಒಂದು ಕಾಲದಲ್ಲಿ ಕೆಲವೇ ಇಲಾಖೆಗಳ ಸ್ವತ್ತಾಗಿದ್ದ ನಕ್ಷೆಯ ವಿದ್ಯೆ ಇಂದು ವಾರ್ಡು ಮತ್ತು ಪಂಚಾಯತಿಯ ಮೇಜಿಗೆ ಬಂದಿದೆ. ಸಾಧನದ ಕೊರತೆ ಇನ್ನು ಮುಂದೆ ನೆಪವಾಗಲಾರದು.

ತಂತ್ರಾಂಶದ ಬೆಲೆ ಕೊಳ್ಳುವ ದಿನವೇ ತಿಳಿಯುತ್ತದೆ. ಅದರ ಮೌಲ್ಯ ತಿಳಿಯುವುದು ಹತ್ತು ವರ್ಷಗಳ ತರುವಾಯ ಯಾರೋ ಹಳೆಯ ಕಡತವನ್ನು ತೆರೆಯಲು ಯತ್ನಿಸುವಾಗ, ಅಥವಾ ಮಳೆಯ ರಾತ್ರಿಯೊಂದರಲ್ಲಿ ದಂಡೆಯ ಮನೆಗಳ ಪಟ್ಟಿ ತುರ್ತಾಗಿ ಬೇಕಾದಾಗ. ಆಗ ಪಟ್ಟಿಯಲ್ಲಿ ಸರಿಯಾದ ಮನೆಗಳಿದ್ದು, ಅದನ್ನು ಓದಬಲ್ಲವರ ಭಾಷೆಯಲ್ಲಿ ಹೆಸರುಗಳಿದ್ದು, ನೀರು ಏರುವ ಮುನ್ನ ಅದು ಅವರ ಕೈ ಸೇರಿದರೆ ಆ ತಂತ್ರಾಂಶ, ಲಕ್ಷ ರೂಪಾಯಿಯದಾಗಲಿ ಉಚಿತವಾದುದಾಗಲಿ, ತನ್ನ ಮೌಲ್ಯವನ್ನು ಸಾರ್ಥಕಪಡಿಸಿಕೊಂಡಂತೆ.